ಬಿಡುವ ಗಾರೆ

ಸೇಂಟ್ ಲೂಯಿಸ್ ನಗರದ ಉತ್ತರಕ್ಕೆ
ಮನೆಗಿಂತ ಹುಲ್ಲೇ ಹೆಚ್ಚಿರುವ ಬೀದಿಯಲ್ಲಿ
ಏಳು ಗಂಟೆಗೆ ನನ್ನ ಲಾರಿ ನಿಲ್ಲುತ್ತದೆ.
ಒಜೆಲಾ ಆಗಲೇ ಬಂದಿರುತ್ತಾಳೆ,
ಬೋರಲು ಬಕೆಟ್ಟಿನ ಮೇಲೆ ಕೂತು,
ತೊಡೆಯ ಮೇಲೆ ಹಳೆ ಟೈರಿನ ತುಂಡು, ಕೈಯಲ್ಲಿ ಗಿಡ್ಡ ಕೊಡಲಿ.

ಬುಲ್ಡೋಜರಾದರೆ ಒಂದೇ ಬೆಳಗಿನ ಕೆಲಸ.
ಬಾಗಿಲು, ಕೊಳಾಯಿ, ಗೋಡೆಯಲ್ಲಿ ಉಳಿದ ಕ್ಯಾಲೆಂಡರು,
ಎಲ್ಲ ಸೇರಿ ಒಂದೇ ಮುದ್ದೆ.
ಟನ್ನಿಗಿಷ್ಟು ಅಂತ ದುಡ್ಡು ಕಟ್ಟಿ ಹಳ್ಳಕ್ಕೆ ಸುರಿಯುವುದು.
ಐದು ವರ್ಷ ನಾನೂ ಸುರಿದವನೇ.
ಹಳ್ಳ ತುಂಬಿತು. ಪಕ್ಕದಲ್ಲೇ ಇನ್ನೊಂದು ತೋಡಿದರು.

ಈಗ ನಾವು ಮನೆಯನ್ನು ಬಾಲದಿಂದ ಓದುತ್ತೇವೆ.
ಕಟ್ಟುವಾಗ ಕೊನೆಗೆ ಬಂದದ್ದು ಮೊದಲು ಇಳಿಯಬೇಕು.
ಮೊಳೆ ಕಿತ್ತ ತೊಲೆಗಳು ಒಂದು ಕಡೆ,
ಮೊಳೆಗಳೂ ಒಂದು ಕಡೆ.
ಆಮೇಲೆ ಗೋಡೆ.

"ಸುಣ್ಣದ ಗಾರೆ ಮರ್ಯಾದಸ್ಥ" ಅನ್ನುತ್ತಾಳೆ ಒಜೆಲಾ,
"ನೂರು ವರ್ಷ ಹಿಡ್ಕೊಂಡಿರತ್ತೆ,
ಸಾಕು ಬಿಡು ಅಂದ್ರೆ ಬಿಡತ್ತೆ."
ಎರಡೇಟು. ಕಿತ್ತಳೆ ಸುಲಿದ ಹಾಗೆ
ಇಟ್ಟಿಗೆ ಕೆಂಪಗೆ ಕೈಗೆ ಬರುತ್ತದೆ.
ಐನೂರಕ್ಕೊಂದು ಹಲಗೆ, ಹಲಗೆಗಿಷ್ಟು ಕೂಲಿ.
ಇಡಿಯಾಗಿದ್ದಾಗ ಯಾರಿಗೂ ಬೇಡದ ಮನೆ
ಬಿಡಿಬಿಡಿಯಾದ ಮೇಲೆ ಬೆಲೆ ಬಾಳುತ್ತದೆ.
ಹ್ಯೂಸ್ಟನ್‌ನಲ್ಲಿ ಯಾರದೋ ಹಿತ್ತಲ ಕಟ್ಟೆಗೆ,
ಹಳೆಯದೆನ್ನಿಸಬೇಕಾದ ಯಾವುದೋ ಹೊಸ ಗೋಡೆಗೆ.

ಕಳ್ಳರಿಗೂ ಗೊತ್ತಿತ್ತಂತೆ ಈ ವಿದ್ಯೆ:
ಖಾಲಿ ಮನೆಗೆ ಬೆಂಕಿಯಿಟ್ಟು ದೂರ ನಿಲ್ಲುವುದು,
ಬೆಂಕಿ ಆರಿಸಲು ಬಂದವರ ನೀರೇ ಗಾರೆ ತೊಳೆದುಕೊಡುವುದು,
ರಾತ್ರಿ ಬಂದು ಆಯ್ದುಕೊಂಡು ಹೋಗುವುದು.
"ಸರ್ಕಾರದ್ದೇ ನೀರು, ಸರ್ಕಾರದ್ದೇ ಕೂಲಿ!"
ಅವಳು ನಕ್ಕರೆ ಧೂಳಿನ ಮುಖವಾಡವೂ ನಗುತ್ತದೆ.

ಪ್ರಿಯೆದೋರ್‌ನಲ್ಲಿದ್ದ ನಮ್ಮ ಮನೆಯನ್ನು
ಯಾರೂ ಎಣಿಸಿ ಇಳಿಸಲಿಲ್ಲ.
ಇದನ್ನು ಅವಳಿಗೆ ಹೇಳಿಲ್ಲ.
ಲಾರಿ ಸುರಿಯುವ ಸದ್ದಿಗೆ ನಾನು ಮುಖ ತಿರುಗಿಸುವುದನ್ನು
ನೋಡಿದ್ದಾಳೆ, ಅಷ್ಟೆ.

ಗುರುವಾರ. ಮೂಲೆಯ ಮನೆಯ ಹಿಂಗೋಡೆ.
ಮಧ್ಯಾಹ್ನ, ಬ್ರೆಡ್ಡು ಬಿಚ್ಚುತ್ತ, ಯಾರಿಗೋ ಎಂಬಂತೆ,
"ಇದು ನಮ್ಮಪ್ಪ ಎತ್ತಿದ ಗೋಡೆ" ಅಂದಳು.
ಅರವತ್ತೆಂಟರ ಚಳಿಗಾಲಕ್ಕೆ ಹಳೆಯದು ಹೊಟ್ಟೆ ಬಿಟ್ಟಿತ್ತಂತೆ.
ಹೋಬರ್ಟ್ ಗೇನ್ಸ್ ಸುಣ್ಣ ಮುಟ್ಟಲಿಲ್ಲ,
ಸಿಮೆಂಟು ಕಲೆಸಿದ, ಹೆಚ್ಚಾಗಿಯೇ ಕಲೆಸಿದ,
"ನಾವೆಲ್ಲ ಸತ್ತರೂ ಇದು ಅಲ್ಲಾಡಲ್ಲ" ಅಂದ.

ಎರಡೇಟು. ನಾಲ್ಕು. ಹತ್ತು.
ಸಿಮೆಂಟು ಕೊಟ್ಟ ಮಾತು ತಪ್ಪಲಿಲ್ಲ.
ಇಟ್ಟಿಗೆಯೇ ಒಡೆಯಿತು.
ಇನ್ನೊಂದು. ಅದೂ.
ಹುಡುಗರು ಸಾಕು ಅಂದರು, ಫೋರ್‌ಮನ್ ಗಡಿಯಾರ ನೋಡಿದ.
ಅವಳು ಏಳಲಿಲ್ಲ,
ಒಂದೊಂದನ್ನೂ ಕೇಳಿ ನೋಡಿದಳು.
ನಾಲ್ಕು ಗಂಟೆಗೆ ಆ ಗೋಡೆಯಿಂದ ಇಡಿಯಾಗಿ ಸಿಕ್ಕಿದ್ದು
ಹನ್ನೊಂದು.

ಮಿಕ್ಕದ್ದು ನನ್ನ ಲಾರಿಗೆ ಬಂತು.
ಹಳ್ಳಕ್ಕಲ್ಲ, ನದಿ ದಂಡೆಯ ಅರೆಯುವ ಯಂತ್ರಕ್ಕೆ.
ಅದು ಕಬ್ಬಿಣದ ಹಲ್ಲಲ್ಲಿ ಅಗಿದು
ಮುಷ್ಟಿಯಷ್ಟು ಮಾಡಿತು, ಮತ್ತೆ ಕಡಲೆಯಷ್ಟು.
ರಸ್ತೆಯ ಬುಡಕ್ಕೆ ಹಾಸುತ್ತಾರೆ ಅದನ್ನು,
ಮೇಲೆ ಡಾಂಬರು,
ಅದರ ಮೇಲೆ ಅವಳ ಬಸ್ಸೂ ಹೋಗಬಹುದು.

ತೂಕದ ಚೀಟಿ ಆಫೀಸಿಗೆ ಕೊಡಬೇಕು.
ನಾನು ಅವಳಿಗೆ ಕೊಟ್ಟೆ.
ಕನ್ನಡಕ ಒರೆಸಿಕೊಂಡು ಓದಿದಳು,
ಆರು ಟನ್ನು, ಮೇಲೆ ಚಿಲ್ಲರೆ.

"ಅಷ್ಟನ್ನೂ ಅವನೊಬ್ಬನೇ ಹೊತ್ತಿದ್ದ ಕಣೋ" ಅಂದಳು.
ಚೀಟಿಯನ್ನು ನಾಲ್ಕಾಗಿ ಮಡಿಸಿ
ಊಟದ ಡಬ್ಬಿಯೊಳಗೆ ಇಟ್ಟಳು.
ಆಮೇಲೆ ಪಕ್ಕದ ಗೋಡೆಯಿಂದ, ಹಳೆಯದರಿಂದ,
ಒಂದನ್ನು ತೊಡೆಯ ಮೇಲಿಟ್ಟುಕೊಂಡಳು.
ಎರಡೇಟು.