ಬೀಗದ ಕೈ

ಐದಕ್ಕೆ ಹಾಲಿಗೆ ಬೀಗ ಹಾಕಬೇಕು, ಆರ್ಡರ್ ಇದೆ.
ಏಳಾದರೂ ಗಾಡಿಕೊಪ್ಪದ ಹೈಸ್ಕೂಲಿನ ಮೆಟ್ಟಿಲ ಮೇಲೆ
ಬೀಗದ ಕೈ ಗೊಂಚಲು ಹಿಡಿದು ಕೂತಿರುತ್ತೇನೆ,
ಬೀಡಿಯೂ ಹಚ್ಚದೆ.

ಒಳಗೆ ನಾಟಕದ ಹೇಮಾವತಿ ಟೀಚರು
ಮಕ್ಕಳಿಗೆ ಬೀಳುವುದನ್ನು ಕಲಿಸುತ್ತಿದ್ದಾರೆ.
ಹಿಂದಕ್ಕೆ. ಕಣ್ಣು ಮುಚ್ಚಿ.

'ಇದಕ್ಕೆಷ್ಟು ಮಾರ್ಕ್ಸು?' ಹೆಡ್ಮಾಸ್ಟರು ಕೇಳಿದ್ದರು.
ಟೀಚರು ನಕ್ಕಿದ್ದರು. ನನಗೂ ಗೊತ್ತಿರಲಿಲ್ಲ.

ತೀರ್ಥೇಶ, ಲಾರಿ ಡ್ರೈವರನ ಮಗ,
ಯಾರು ಭುಜ ಮುಟ್ಟಿದರೂ
ಏಟಿಗೆ ಅಡ್ಡ ಹಿಡಿದಂತೆ ಮೊಣಕೈ ಎತ್ತುವವನು.
ಅವನದು ಸತ್ತ ರಾಜನ ಪಾತ್ರ,
ಮಾತೇ ಇಲ್ಲ.

ಹತ್ತು ದಿನ ಬೀಳಲಿಲ್ಲ, ಕೂತುಬಿಡುತ್ತಿದ್ದ.
ನಿನ್ನೆ ಬಿದ್ದ.
ಎಂಟು ಕೈ ಹಿಡಿದವು. ಫಿರ್ದೋಸಳ ಬಳೆ ಒಡೆಯಿತು.
ಹೊತ್ತುಕೊಂಡು ಮೂರು ಸುತ್ತು ಹಾಕಿದರು;
ಸತ್ತ ರಾಜ
ತುಟಿ ಬಿಗಿಹಿಡಿದರೂ ನಗುತ್ತಿದ್ದ.

ಶಿವಮೊಗ್ಗದ ಕಡೆಯ ಸಿಟಿ ಬಸ್ಸಿಗೆ ಎಲ್ಲರೂ ಓಡಿದ ಮೇಲೆ
ಬಳೆಚೂರು ಗುಡಿಸಿದೆ.
ಸೀಮೆಸುಣ್ಣದ ವೃತ್ತ ಅಳಿಸಬೇಕಿತ್ತು.
ಅದರೊಳಗೆ ನಿಂತೆ,
ಐವತ್ತೆಂಟರ ಬೆನ್ನು ಹೊತ್ತು.
ಕಣ್ಣು ಮುಚ್ಚಿದೆ.
ಹಿಂದೆ ಯಾರೂ ಇರಲಿಲ್ಲ.

ಆದರೂ ಸ್ವಲ್ಪ ವಾಲಿದೆ.