ತಾಟಿನ ಅಂಚಿಗೆ

ಕೊರಡು ಹುಣಸೀದು, ಮಾವನ ಅಪ್ಪನ ಕಾಲದ್ದು.
ನಡುವ ತಗ್ಗು ಬಿದ್ದೈತಿ,
ತೊಳೆದಿಟ್ಟ ಮಧ್ಯಾಹ್ನ ಗುಬ್ಬಿ ಬಂದು ನೀರು ಕುಡೀತಾವ.
ಅದರ ಮ್ಯಾಲೆ ಎರಡು ಕತ್ತಿ ಹಿಡಿದು ಖೀಮಾ ಕೊಚ್ಚೋ ಸಪ್ಪಳಕ್ಕ
ಬಂದ ಹೊಸದಾಗ ನಾ ಬೆಚ್ಚಿ ಏಳತಿದ್ದೆ.
ನಮ್ಮ ಮನ್ಯಾಗ ಬೆಳಕು ಹರೀತು ಅಂದರ
ಬುಟ್ಟಿಗೆ ಬುಟ್ಟಿ ತಿಕ್ಕೋ ಸಪ್ಪಳ,
ಹುಲ್ಲಾಗ ಮುಚ್ಚಿಟ್ಟ ಸೀತಾಫಲ ಬಿರಿಯೋ ವಾಸನಿ.

ನಾನು ಬಾಗವಾನರ ಮಗಳು, ಬಂದದ್ದು ಕಸಾಬರ ಮನಿಗೆ.
ಜತ್ತದ ಬಸ್ ಸ್ಟ್ಯಾಂಡಿನ ಈ ಕಡೆ ಅಬ್ಬಾನ ಗಾಡಿ,
ಆ ಕಡೆ ಪರದೆ ಇಳಿಬಿಟ್ಟ ದುಕಾನ, ಮಾವ ಲಾಡ್ಲೇಸಾಬಂದು.
ನಡುವ ಡಾಂಬರು ರಸ್ತೆ, ಮರಾಠಿ ಬೋರ್ಡು, ಕನ್ನಡ ಬೈಗಳ.
ಗೈಬಿಸಾಬ ದಿನಾ ಒಂದು ಡಜನ್ ಬಾಳಿಹಣ್ಣು ಯಾಕ ಒಯ್ತಾನಂತ
ಅಬ್ಬಾಗ ತಿಳಿಯಾಕ ಎರಡು ವರ್ಷ ಬೇಕಾತು.
ತಿಳಿದ ದಿನ ತಕ್ಕಡಿ ಕೆಳಗಿಟ್ಟು ಅಂದ:
"ನನ್ನ ತಕ್ಕಡಿಗೆ ಇರಿವಿ ಬರತಾವ, ಅವರದಕ್ಕ ನೊಣ."
ಮಾವ ಅಂದದ್ದು ಇನ್ನೂ ಸಣ್ಣದು:
"ಸಿಹಿ ಕೈ. ನಮ್ಮನಿ ಖಾರಕ್ಕ ಕೂಡೂದಿಲ್ಲ."

ರಮಜಾನಿನ ಮೊದಲ ದಿನ ಅಬ್ಬಾ ಒಂದು ಗಂಟು ಕಳಿಸಿದ,
ತಾನು ಬರಲಿಲ್ಲ.
ಹೋದ ವರ್ಷ ಮಳಿಗೆ ಸಿಕ್ಕು ಬಿರಿದ ದ್ರಾಕ್ಷಿ,
ಯಾರೂ ಕೊಳ್ಳದ್ದು,
ಮಾಳಗಿ ಮ್ಯಾಲೆ ಅಮ್ಮಾನ ಹಳೇ ಸೀರಿ ಹಾಸಿ ಒಣಗಿಸಿದ ಮಣೂಕ.
ಒಂದೊಂದಕ್ಕ ಇನ್ನೂ ಹಸಿರು ಎಳಿ ಅಂಟಿತ್ತು.
ಎಳಿ ಬಿಡಿಸ್ಕೋತ ಕೂತೆ, ಅಸರ್ ನಮಾಜಿನ ತನಕ.

ಖೀಮಾದಾಗ ನೀರು ಉಳೀಬಾರದು.
ಉಳ್ಳಾಗಡ್ಡಿ ಕೆಂಪಾಗಿ, ಹಸಿಶುಂಠಿ, ಲವಂಗ, ಮೆಣಸಿನಕಾಯಿ ಎಲ್ಲ ಒಳಗ ಹೋಗಿ
ಸೌಟು ಎಳೆದರ ಬೋಗಾಣಿ ತಳ ಕರ್ ಅನಬೇಕು.
ಆಮ್ಯಾಲೆ ಮಣೂಕ, ಒಂದು ಮುಷ್ಟಿ ದಾಳಿಂಬರಿ.
"ಒಳಗ ನೀರಿದ್ದರ ಕರಂಜಿ ಎಣ್ಯಾಗ ಬಾಯಿ ಬಿಡತೈತಿ" ಅಂದಳು ಅತ್ತಿ,
"ಬಾಯಿ ಬಿಡೋ ಕರಂಜಿ, ಬಾಯಿ ಬಿಡೋ ಸೊಸಿ, ಎರಡೂ ಎಣ್ಣಿ ಕೆಡಸ್ತಾವ."
ಅಂದು ತಾನೇ ನಕ್ಕಳು.
ಮೈದಾಕ್ಕ ಕಾದ ಎಣ್ಣಿ ಹಾಕಿ ತಿಕ್ಕಿದೆ:
ಮುಷ್ಟಿ ಕಟ್ಟಿದರ ನಿಲ್ಲಬೇಕು, ಬೆರಳು ಮುಟ್ಟಿದರ ಉದುರಬೇಕು.
ಅಂಚಿಗೆ ಗಿರಕಿ ಹಚ್ಚಲಿಲ್ಲ.
ಹೆಬ್ಬೆರಳಿಲೆ ಮಡಚಿ ಮಡಚಿ ಹೆಣೆದೆ,
ಅಬ್ಬಾ ಬುಟ್ಟಿಯ ಕಂಠ ಹೆಣದಂಗ.

ಬಾಂಗ್ ಆತು. ಖಜೂರ, ನೀರು, ಆಮ್ಯಾಲೆ ಕರಂಜಿ.
ಮಾವ ಮಾತಾಡಲಿಲ್ಲ.
ತಾಟು ಎತ್ತುವಾಗ ನೋಡಿದೆ:
ಅಂಚಿಗೆ ಹನ್ನೊಂದು ಮಣೂಕ, ಸಾಲು ಹಚ್ಚಿ,
ಮಾಂಸದಿಂದ ಎಲುಬು ಬಿಡಿಸಿದಷ್ಟು ಚೊಕ್ಕ.

ಮರುದಿನ ಸಣ್ಣಗ ಹೆಚ್ಚಿ ಹಾಕಿದೆ. ಇಪ್ಪತ್ತೆರಡು ಚೂರು ಬಂದವು.
ಕಸಾಬನ ಬೆರಳು,
ಯಾವ ಸಂದಿಯೊಳಗ ಏನೈತಿ ಅವಕ್ಕ ಗೊತ್ತು.
ಮೂರನೇ ದಿನ ಹಟಕ್ಕ ಬಿದ್ದು ಇಡೀನೇ ಹಾಕಿದೆ.
ಒಂಬತ್ತು.

ಅಬ್ಬಾಗೂ ಒಂದು ಡಬ್ಬಿ ಕಳಿಸಿದ್ದೆ.
ತೊಳೆದ ಡಬ್ಬಿ ತಿರುಗಿ ತಂದ ತಮ್ಮ
ಹೊಸ್ತಿಲ ಮ್ಯಾಲೆ ನಿಂತೇ ಹೇಳಿದ,
"ಖಾರ ಸಾಲದಂತ."

ಇಪ್ಪತ್ತಾರನೇ ರೋಜಾ. ಮಾವನ ತಾಟು ಬರಿದು.
ಸುಳ್ಯಾಕ ಹೇಳಲಿ, ಎದಿ ಉಬ್ಬಿತು.
ಗೈಬಿನ್ನ ಕರೆದು ತೋರಸಬೇಕಂತ ಹಿತ್ತಲಕ್ಕ ಹೋದೆ.
ಅಲ್ಲಿ, ಬಕ್ರೀದಿಗಂತ ಕಟ್ಟಿದ ಕಂದು ಹೋತದ ಮುಂದ
ಕುಕ್ಕರಗಾಲಿಲೆ ಕೂತಿದ್ದ ಮಾವ.
ಅಂಗೈ ಚಾಚಿದ್ದ. ಮಣೂಕ ನೆಕ್ಕಿ ತುಟಿ ಆಡಿಸ್ತಿತ್ತು ಹೋತ.
ಅದಕ್ಕೊಂದು.
ಆಮ್ಯಾಲೆ, ಆ ಕಡೆ ಈ ಕಡೆ ನೋಡಿ,
ತನಗೊಂದು.

ನಾ ಗ್ವಾಡಿ ಮರಿಗೆ ಸರಿದೆ.
ಒಳಗ, ಎರಡನೇ ಘಾಣಕ್ಕಂತ ಇಟ್ಟ ಎಣ್ಣಿ ಹೊಗಿ ಎದ್ದು
ಅತ್ತಿ ನನ್ನ ಹೆಸರು ಹಿಡಿದು ಕೂಗತಿದ್ದಳು:
"ಹಾಜರಾ! ಏ ಹಾಜರಾ!"
ಓ ಅನ್ನಲಿಲ್ಲ.