ಗುಂಡಿಯ ಅಳತೆ

ಉರ್ಸೆ ಹತ್ತಿರ, ಹೊಸ ರಸ್ತೆಯ ದಿಬ್ಬ.
ಅಂಗೈಗಾತ್ರ, ತಲೆಗಾತ್ರದ ಕರಿಕಲ್ಲು.
ಮರಳು ಸುರಿದು ಅಳೆಯುವಂತಿಲ್ಲ,
ಸಂದುಗಳಲ್ಲಿ ಇಳಿದೇ ಹೋಗುತ್ತದೆ.
ಅದಕ್ಕೇ ನೀರು.

ರೋಲರ್ ಎಂಟು ಸಲ ನೆಲ ನಡುಗಿಸಿ ಹೋದಮೇಲೆ
ಚಡಚಣದ ಮಹಾನಂದಾ ಕೈಬಳೆ ಮೇಲೇರಿಸಿ
ಉಕ್ಕಿನ ಬಳೆಯೊಳಗೆ ಗುಂಡಿ ತೋಡಿದಳು.
ಒಂದೊಂದು ಕಲ್ಲೂ ತಕ್ಕಡಿಗೆ. ನಾನು ಬರೆದುಕೊಂಡೆ.
ತೆಳು ಪ್ಲಾಸ್ಟಿಕ್ ಹಾಸಿ, ಬಕೆಟ್ ಲೆಕ್ಕದಲ್ಲಿ ಹೊಯ್ದರೆ
ಹಾಳೆ ಗುಂಡಿಯ ಮೂಲೆಮೂಲೆಗೂ
ಪಟಪಟ ಸದ್ದು ಮಾಡುತ್ತ ಒತ್ತಿ ಕೂತಿತು.
ಇನ್ನೂರ ಹನ್ನೆರಡು ಲೀಟರ್.
ಅಂಚಿಗೆ ನಿಂತ ನೀರಲ್ಲಿ
ಡಂಪರೊಂದು ತಲೆಕೆಳಗಾಗಿ ಹಾದುಹೋಯಿತು.

ಪಾಸು.
ಗೋಗಟೆ ಸಾಹೇಬರು ಸಹಿ ಹಾಕಿ ಜೀಪು ಹತ್ತಿದರು.
ಹಾಳೆ ಎಳೆಯಹೋದೆ.
"ಚೆಲ್ಲಬ್ಯಾಡ್ರೀ!
ಶೆಡ್ಡಿಗೆ ಟ್ಯಾಂಕರ್ ಬಂದು ನಾಕ್ ದಿನಾತು."
ಚೆಂಬಿನಲ್ಲಿ ಮೊಗೆದೂ ಮೊಗೆದೂ
ಹದಿಮೂರು ಕೊಡ.
ತಳದ ಕೆಸರುನೀರಲ್ಲಿ ಕಾಲು ತೊಳೆದಳು.

ಸಂಜೆ ಕಲ್ಲುಗಳನ್ನು ವಾಪಸು ತುಂಬಿದೆವು.
ಅದೇ ಗುಂಡಿ. ಅವೇ ಕಲ್ಲು,
ಗ್ರಾಂ ಗ್ರಾಂ ತೂಗಿಟ್ಟವು.
ಎರಡು ಬುಟ್ಟಿಯಷ್ಟು ಹೊರಗೇ ಉಳಿದವು.
ಅವಳು ತುಳಿದಳು, ನಾನು ಹಾರೆಯಲ್ಲಿ ಗುದ್ದಿದೆ,
ಬೇರೆ ಮಗ್ಗುಲು ತಿರುಗಿಸಿಟ್ಟು ನೋಡಿದೆವು.

ಹಿಡಿಸಲಿಲ್ಲ.